ಮರ ನೋಡಿ ಮಾಡುವ ಹಬ್ಬ

ಯುಗಾದಿಯ ತಿಥಿ ಪಂಚಾಂಗದಲ್ಲಿ ಸಿಗುತ್ತದೆ. ವಸಂತ ಬಂದ ದಿನ ಸಿಗುವುದು ನಮ್ಮ ಬೀದಿಯ ಮರದಲ್ಲಿ. ಆ ದಿನವನ್ನು ಗುರುತಿಸಿ ಪ್ರತಿ ಮನೆಯೂ ತನ್ನದೇ ಒಂದು ಪುಟ್ಟ ಆಚರಣೆ ಕಟ್ಟಿಕೊಳ್ಳಬಹುದು.

2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು. ಮರುವರ್ಷ ಏಪ್ರಿಲ್ 9ಕ್ಕೆ. 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಚಾಂದ್ರಮಾನದ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹೀಗೆ ಉಳಿದುಹೋದ ದಿನಗಳನ್ನು ಕೂಡಿಸಿ, ಮೂರು ವರ್ಷಕ್ಕೊಮ್ಮೆ ಎನ್ನುವ ಹಾಗೆ ಒಂದು ಅಧಿಕಮಾಸ ಸೇರಿಸಿ ಪಂಚಾಂಗ ಲೆಕ್ಕ ಸರಿಮಾಡುತ್ತದೆ. ಅದಕ್ಕೇ ಹಬ್ಬ ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ.

ಹೊಂಗೆ ಮರಕ್ಕೆ ಈ ಲೆಕ್ಕದ ಹಂಗಿಲ್ಲ. ಬಯಲುಸೀಮೆಯಲ್ಲಿ ಚಳಿ ಹಿಂದೆ ಸರಿಯುತ್ತಿದ್ದಂತೆ ಅದರ ಎಲೆ ಹಣ್ಣಾಗಿ ಉದುರುತ್ತದೆ. ಕೆಲವು ದಿನ ಮರ ಬೋಳಾಗಿ ನಿಲ್ಲುತ್ತದೆ. ಆಮೇಲೆ ಒಂದು ಬೆಳಗ್ಗೆ ಕಸ ಹಾಕಲು ಹೊರಗೆ ಬಂದವರು ತಲೆಯೆತ್ತಿದರೆ ಕೊಂಬೆ ತುಂಬ ಗಿಳಿಹಸಿರು. ಆ ಬೆಳಗ್ಗೆ ಯುಗಾದಿಗೆ ವಾರ ಮೊದಲೇ ಬರಬಹುದು, ಹಬ್ಬ ಕಳೆದು ಹೋಳಿಗೆ ಹಳಸಿದ ಮೇಲೂ ಬರಬಹುದು. ಪಕ್ಕದ ಬೀದಿಯ ಮರಕ್ಕೂ ನಮ್ಮ ಬೀದಿಯ ಮರಕ್ಕೂ ನಾಲ್ಕಾರು ದಿನದ ಅಂತರ ಇರುವುದೂ ಉಂಟು.

ಯುಗಾದಿಯನ್ನು ನಾವು ತಪ್ಪದೆ ಮಾಡುತ್ತೇವೆ. ತೋರಣ, ಎಣ್ಣೆಸ್ನಾನ, ಬೇವು-ಬೆಲ್ಲ, ಒಬ್ಬಟ್ಟು, ಬಿದಿಗೆಯ ಚಂದ್ರದರ್ಶನ, ಕೆಲವು ಕಡೆ ಮಾರನೆಯ ದಿನದ ಹೊಸತೊಡಕು, ಎಲ್ಲವೂ ನಡೆಯುತ್ತವೆ. ಆದರೆ ತೋರಣದ ಮಾವಿನ ಸೊಪ್ಪು ಮಾರುಕಟ್ಟೆಯಿಂದ ಬರುತ್ತದೆ, ಬೇವಿನ ಹೂ ಪೊಟ್ಟಣದಲ್ಲಿ ಬರುತ್ತದೆ. ಯಾವ ಋತುವಿಗಾಗಿ ಈ ಹಬ್ಬವೋ ಆ ಋತುವಿನ ಕಡೆ ಒಮ್ಮೆಯೂ ಕಣ್ಣು ಹಾಯಿಸದೆ ಹಬ್ಬ ಮುಗಿಸಿಬಿಡಬಹುದು. ತಿಥಿಯ ಹಬ್ಬ ನಮ್ಮೆಲ್ಲರನ್ನು ಒಂದೇ ದಿನ ಒಟ್ಟು ಸೇರಿಸುತ್ತದೆ. ಅದರ ಬೆಲೆ ದೊಡ್ಡದು. ಅದರ ಮಗ್ಗುಲಲ್ಲೇ ಪ್ರತಿ ಮನೆಗೂ ಗುರುತಿನ ಹಬ್ಬವೊಂದು ಬೇಕು: ಇಂಥ ಮರ ಚಿಗುರಿದ ದಿನ, ಇಂಥ ಹಕ್ಕಿ ಕೂಗಿದ ದಿನ, ಇಂಥ ಹೂ ಬಿಟ್ಟ ದಿನ ಎಂದು ಕಾದು ಮಾಡುವ ಹಬ್ಬ. ತಿಥಿಗೆ ಕ್ಯಾಲೆಂಡರ್ ಸಾಕು. ಗುರುತಿನ ಹಬ್ಬಕ್ಕೆ ಕಣ್ಣು ತೆರೆದಿರಬೇಕು.

ಒಣನೆಲದಲ್ಲಿ ಚಿಗುರು

ಹಿಮ ಕರಗಿ ನೆಲ ಕಾಣಿಸಿದಾಗ ಬರುವ ವಸಂತ ಶೀತದೇಶಗಳದ್ದು. ನಮ್ಮ ವಸಂತದ ಬಗೆ ಬೇರೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಯಿತು ಎನ್ನುತ್ತೇವೆ. ಅಲ್ಲಿಂದ ಮುಂದೆ ಕೆರೆಯ ನೀರು ಇಳಿಯುತ್ತದೆ, ನೆಲ ಬಿರುಕು ಬಿಡುತ್ತದೆ, ಬಿಸಿಲು ದಿನದಿನಕ್ಕೆ ಏರುತ್ತದೆ. ಮುಂಗಾರು ಬರಲು ಇನ್ನೂ ಎರಡು ಮೂರು ತಿಂಗಳಿದೆ. ಸರಿಯಾಗಿ ಅದೇ ಹೊತ್ತಿಗೆ ಅರಳಿ, ಮಾವು, ಹೊಂಗೆ, ಬೇವು ಎಲ್ಲ ಹೊಸ ಎಲೆ ಹೊರಡಿಸುತ್ತವೆ. ನೀರು ತೀರಾ ಕಡಿಮೆಯಿರುವಾಗ ಅತ್ಯಂತ ಎಳೆಯ ಎಲೆ!

ಸಸ್ಯವಿಜ್ಞಾನಿಗಳು ಇದನ್ನು ಬಹಳ ಕಾಲ ಬೆರಗಿನಿಂದ ನೋಡಿದ್ದಾರೆ. ಹಳೆಯ ಎಲೆ ಉದುರಿಸಿದ ಮರಕ್ಕೆ ನೀರಿನ ಖರ್ಚು ತಗ್ಗುತ್ತದೆ. ಆಳದ ಬೇರು ತರುವ ತೇವ ಕಾಂಡದಲ್ಲಿ ಕೂಡಿಕೊಳ್ಳುತ್ತದೆ. ಆ ಕೂಡಿಟ್ಟ ನೀರಿನಲ್ಲೇ ಮರ ಚಿಗುರುತ್ತದೆ. ಹಗಲು ಉದ್ದವಾಗುತ್ತಿರುವುದೇ ಹಲವು ಮರಗಳಿಗೆ ಸೂಚನೆ. ಲಾಭವೂ ಇದೆ. ಮಳೆಯೊಂದಿಗೆ ಎಲೆ ತಿನ್ನುವ ಹುಳುಗಳು ದಂಡಾಗಿ ಬರುವ ಹೊತ್ತಿಗೆ ಈ ಎಲೆ ಬಲಿತಿರುತ್ತದೆ, ಮೊದಲ ಮಳೆ ಬಿದ್ದ ದಿನದಿಂದಲೇ ಮರ ಪೂರಾ ದುಡಿಮೆಗೆ ಸಿದ್ಧವಿರುತ್ತದೆ. ಮಾವು, ಅರಳಿಯ ಚಿಗುರು ತಾಮ್ರಗೆಂಪಾಗಿ ಕಾಣುವುದಕ್ಕೆ ಕಾರಣ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು. ಎಳೆ ಎಲೆಗೆ ಅದು ಸುಡುಬಿಸಿಲಿನಿಂದ ಕಾಪು.

ಮುತ್ತುಗ, ಬೂರುಗ, ಹಾಲುವಾಣ ಇನ್ನೂ ಮುಂದೆ ಹೋಗಿ, ಎಲೆಯೇ ಇಲ್ಲದ ಬರಿಗೊಂಬೆಯಲ್ಲಿ ಕೆಂಪು ಹೂ ತುಂಬಿಕೊಂಡು ನಿಲ್ಲುತ್ತವೆ. ಮರೆ ಮಾಡುವ ಎಲೆಯಿಲ್ಲವಾದ್ದರಿಂದ ಮಕರಂದ ಕುಡಿಯುವ ಹಕ್ಕಿಗಳಿಗೆ ದೂರದಿಂದಲೇ ಕಾಣಿಸುತ್ತದೆ. ಮೈನಾ, ಕಾಗೆ, ಸೂರಕ್ಕಿ, ಅಳಿಲು ಎಲ್ಲವೂ ಒಂದೇ ಬೂರುಗದ ಮರದಲ್ಲಿ ನೆರೆದು ಗಲಾಟೆ ಮಾಡುವುದನ್ನು ಫೆಬ್ರುವರಿಯ ಬೆಳಗಿನಲ್ಲಿ ಹತ್ತು ನಿಮಿಷ ನಿಂತು ನೋಡಿದವರಿಗೆ ವಸಂತ ಬಂತೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಒಣಗಿದ ಹೊತ್ತಿನಲ್ಲಿ, ಮುಂದೆ ಬರುವ ಮಳೆಯನ್ನು ನಂಬಿ ಚಿಗುರುವುದು ನಮ್ಮ ವಸಂತದ ಸ್ವಭಾವ. ಮನೆಯ ಆಚರಣೆಯೊಂದನ್ನು ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ಆಧಾರ ನನಗೆ ತೋರುವುದಿಲ್ಲ.

ಒಂದೇ ನಾಡು, ಹಲವು ವಸಂತ

ಕರ್ನಾಟಕದಲ್ಲಿ ವಸಂತ ಎಲ್ಲೆಡೆ ಒಂದೇ ಬಾಗಿಲಿನಿಂದ ಬರುವುದಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರು ಫೆಬ್ರುವರಿ-ಮಾರ್ಚ್‌ನಲ್ಲಿ ಆಕಾಶ ನೋಡುತ್ತಾ ಕೂರುವುದು ಹೂಮಳೆಗಾಗಿ. ಒಂದು ಹದವಾದ ಮಳೆ ಬಿದ್ದರೆ, ಕಾದು ಕೂತಿದ್ದ ಮೊಗ್ಗುಗಳೆಲ್ಲ ಸುಮಾರು ವಾರ, ಹತ್ತು ದಿನದಲ್ಲಿ ಒಟ್ಟಿಗೇ ಅರಳುತ್ತವೆ. ತೋಟಕ್ಕೆ ತೋಟವೇ ಬೆಳ್ಳಗಾಗಿ, ಮಲ್ಲಿಗೆಯನ್ನು ಹೋಲುವ ಪರಿಮಳ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನಕ್ಕೆ ಎಲ್ಲ ಮುಗಿಯುತ್ತದೆ. ಆಮೇಲೆ ಕಾಯಿ ನಿಲ್ಲಲು ಇನ್ನೊಂದು ಮಳೆ ಬೇಕು. ಮಳೆ ಹೆಚ್ಚುಕಡಿಮೆಯಾದರೆ ವರ್ಷದ ಫಸಲೇ ಏರುಪೇರು. ಆದ್ದರಿಂದ ಅಲ್ಲಿನ ವಸಂತದಲ್ಲಿ ಸಂತೋಷದ ಜೊತೆಗೆ ಒಂದಿಷ್ಟು ಆತಂಕವೂ ಬೆರೆತಿರುತ್ತದೆ.

ತುಳುನಾಡಿನವರು ಸೌರಮಾನದವರು. ಏಪ್ರಿಲ್ ನಡುವಿನ ಬಿಸು ಪರ್ಬದ ಬೆಳಗ್ಗೆ ಎದ್ದೊಡನೆ ಕಣ್ಣಿಗೆ ಬೀಳಬೇಕಾದದ್ದು ಕಣಿ: ತಾವು ಬೆಳೆದ ಹಣ್ಣು, ತರಕಾರಿ, ತೆಂಗಿನಕಾಯಿ, ಹೂ, ಚಿನ್ನ, ಒಂದು ಕನ್ನಡಿ. ಕೊಡಗಿನ ಎಡಮ್ಯಾರ್ ಕೂಡ ಅದೇ ಆಸುಪಾಸಿನಲ್ಲಿ, ಗದ್ದೆಯಲ್ಲಿ ಮೊದಲ ಉಳುಮೆಯೊಂದಿಗೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಹೂಡುವ ಪದ್ಧತಿ ಇದೆ. ಎತ್ತುಗಳ ಮೈ ತೊಳೆದು ಸಿಂಗರಿಸಿ, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಗೆರೆ ಎಳೆಯುತ್ತಾರೆ. ಬಾಗಲಕೋಟೆಯ ಕಡೆ ಹೋಳಿಯ ಸಡಗರ ದಿನಗಟ್ಟಲೆ ನಡೆಯುತ್ತದೆ. ಹಿಂದೆ ಓಕುಳಿಗೆ ಬಣ್ಣ ಕೊಡುತ್ತಿದ್ದದ್ದು ಅದೇ ಹೊತ್ತಿಗೆ ಅರಳುವ ಮುತ್ತುಗದ ಹೂ.

ಈ ಎಲ್ಲ ಆಚರಣೆಗಳ ಬುಡದಲ್ಲಿ ನೋಟ ಇದೆ. ಮುತ್ತುಗ ಯಾವಾಗ ಅರಳುತ್ತದೆ ಎಂದು ಯಾರೋ ನೋಡಿದ್ದರು. ಬೇವು ಹೂ ಬಿಡುವ ಕಾಲಕ್ಕೇ ಹೊಸ ಬೆಲ್ಲವೂ ಸಿಗುತ್ತದೆ ಎಂದು ಯಾರೋ ಕಂಡಿದ್ದರು. ಭರಣಿ ಮಳೆಗೂ ಧರಣಿಯ ಬೆಳೆಗೂ ಪ್ರಾಸ ಕೂಡಿಸಿ ಗಾದೆ ಕಟ್ಟಿದವರು ಎಷ್ಟೋ ವರ್ಷ ಆಕಾಶ ನೋಡಿದವರು. ನೋಡಿದ್ದು ರೂಢಿಯಾಯಿತು, ರೂಢಿ ಹಬ್ಬವಾಯಿತು. ಹಬ್ಬಗಳು ನಮಗೆ ಸಿದ್ಧವಾಗಿ ದೊರೆತಿವೆ. ಅವುಗಳ ಬುಡದಲ್ಲಿದ್ದ ನೋಟವನ್ನು ಮಾತ್ರ ಪ್ರತಿ ತಲೆಮಾರೂ ತಾನೇ ರೂಢಿಸಿಕೊಳ್ಳಬೇಕು.

ಪಂಚಾಂಗದಲ್ಲಿಲ್ಲದ ಸಂಭ್ರಮಗಳು

ಮನೆಯ ಮಟ್ಟದ ಆಚರಣೆ ಎಂದೊಡನೆ ಹೊಸದಾಗಿ ಏನೋ ಹುಟ್ಟುಹಾಕಬೇಕು ಎಂದು ಅಳುಕಬೇಕಾಗಿಲ್ಲ. ನಮ್ಮ ಹಿಂದಿನವರಲ್ಲಿ ಅಂಥವು ಬೇಕಾದಷ್ಟಿದ್ದವು.

ಮೊಗ್ಗಿನ ಜಡೆಯನ್ನು ನೆನೆಸಿಕೊಳ್ಳಿ. ಬೇಸಿಗೆ ರಜೆ ಬಂತು, ದುಂಡುಮಲ್ಲಿಗೆ ಅಗ್ಗವಾಯಿತು ಎಂದರೆ ಹಳೆ ಮೈಸೂರಿನ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಜಡೆ ಹಾಕಿಸುವ ಸಂಭ್ರಮ. ಸಂಜೆಗೆ ಮೊಗ್ಗು ಬಿರಿಯುವುದರೊಳಗೆ ಕೆಲಸ ಮುಗಿಯಬೇಕು. ಅಜ್ಜಿಯೋ ಅತ್ತೆಯೋ ಪಕ್ಕದ ಮನೆಯ ಕೈಚಳಕದ ಹೆಂಗಸೋ ಕೂತು, ಸೂಜಿದಾರದಲ್ಲಿ ಒಂದೊಂದೇ ಮೊಗ್ಗು ಪೋಣಿಸಿ, ನಡುನಡುವೆ ಕನಕಾಂಬರ, ಮರುಗ ಸೇರಿಸಿ, ಜಡೆಯುದ್ದಕ್ಕೂ ಹೊಲಿಯುತ್ತಿದ್ದರು. ಮಗು ಅಲ್ಲಾಡದೆ ಕೂರಬೇಕು. ಆಮೇಲೆ ಸ್ಟುಡಿಯೊಗೆ ನಡಿಗೆ. ಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಕಾಣುವಂತೆ ಒಂದು ಫೋಟೊ. ಬೀದಿಯಲ್ಲಿ ಸಿಕ್ಕವರು “ಏನಮ್ಮಾ, ಮೊಗ್ಗಿನ ಜಡೆ ಹಾಕಿಸ್ಕೊಂಡ್ಯಾ? ಎಲ್ಲಿ ತಿರುಗು ನೋಡೋಣ” ಎನ್ನುತ್ತಿದ್ದರು. ಇದಕ್ಕೆ ತಿಥಿಯಿಲ್ಲ, ಮಂತ್ರವಿಲ್ಲ. ಮಲ್ಲಿಗೆಯ ಸುಗ್ಗಿಯನ್ನು ಒಂದು ಮಗುವಿನ ಬೆನ್ನ ಮೇಲೆ ಬರೆದಿಡುವ ಈ ಪದ್ಧತಿಯ ಫೋಟೊಗಳು ಇಂದಿಗೂ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿವೆ.

ಮಲೆನಾಡಿನಲ್ಲಿ ವಸಂತದ ಕೆಲಸ ಮಾವಿನ ಮಿಡಿ. ಅಘನಾಶಿನಿ, ವರದಾ, ಕಾಳಿಯಂಥ ಹೊಳೆಗಳ ದಂಡೆಯ ಅಪ್ಪೆಮಿಡಿ ಮರಗಳಲ್ಲಿ ಒಂದೊಂದಕ್ಕೂ ಒಂದೊಂದು ಪರಿಮಳ, ಒಂದೊಂದು ಹುಳಿ. ಒಳಗೆ ಗೊರಟು ಕಟ್ಟುವ ಮೊದಲೇ, ತೊಟ್ಟಿನ ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಗೆ ಬೇಡ, ಅದು ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ಸೊನೆ ಆರುವ ಮುನ್ನ ಉಪ್ಪಿಗೆ ಹಾಕಬೇಕು. ಉಪ್ಪಿನಲ್ಲಿ ಮಿಡಿ ಚಿರುಟಿದ ಮೇಲೆ ಖಾರ ಅರೆಯುವ ದಿನ ಮನೆಮಂದಿಯೆಲ್ಲ ಒಂದೆಡೆ ಸೇರುತ್ತಾರೆ. ಮರ ಯಾವಾಗ ಮಿಡಿ ಬಿಡುತ್ತದೋ ಆಗಲೇ ಮುಹೂರ್ತ. ಆ ವರ್ಷದ ವಸಂತ ಭರಣಿಯಲ್ಲಿ ಮೂರು ನಾಲ್ಕು ವರ್ಷ ಇರುತ್ತದೆ.

ತಾರಸಿಯ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಇಡುವುದು, ಮಕ್ಕಳನ್ನು ಕಾಗೆ ಓಡಿಸಲು ಕೂರಿಸುವುದು, ರಾಮನವಮಿಯ ಪಾನಕ-ಕೋಸಂಬರಿ, ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆ, ಇವೆಲ್ಲ ಬಿಸಿಲಿನ ಜೊತೆ ಹುಟ್ಟಿದ ರೂಢಿಗಳು. ಇವುಗಳಲ್ಲಿ ಎಷ್ಟೋ ನಮ್ಮ ಕಣ್ಣೆದುರೇ ಮರೆಯಾಗುತ್ತಿವೆ. ಒಂದನ್ನಾದರೂ ಹಿಡಿದುಕೊಂಡು ನಮ್ಮ ಮನೆಗೆ ಹೊಂದಿಸಿಕೊಂಡರೆ ಅದೇ ನಮ್ಮ ಹೊಸ ಆಚರಣೆ.

ಹೊಸದೂ ಹಳೆಯದಾಗಲು ಬಹಳ ಕಾಲ ಬೇಡ. ಬೆಂಗಳೂರಿನ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಶುರುವಾದದ್ದು 1939ರಲ್ಲಿ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರ ಹುಮ್ಮಸ್ಸಿನಿಂದ ಬೆಳೆದ ಆ ಉತ್ಸವ ಇಲ್ಲದ ಚೈತ್ರವನ್ನು ಈಗ ಬೆಂಗಳೂರಿನ ಸಂಗೀತಪ್ರಿಯರು ಊಹಿಸಲಾರರು. ನಗರದ ಮರಗಳನ್ನು ಸಂಭ್ರಮಿಸುವ ‘ನೆರಳು’ ಹಬ್ಬವನ್ನು ಉತ್ಸಾಹಿ ನಾಗರಿಕರು ಆರಂಭಿಸಿದ್ದು 2014ರಲ್ಲಿ. ಯಾರೋ ಒಬ್ಬರು ಒಂದು ವರ್ಷ ಮಾಡುತ್ತಾರೆ, ಮರುವರ್ಷ ಮತ್ತೆ ಮಾಡುತ್ತಾರೆ. ಎರಡನೆಯ ಸಲ ಮಾಡಿದಾಗಲೇ ಸಂಪ್ರದಾಯ ಹುಟ್ಟಿತು.

ಒಬ್ಬನ ಟಿಪ್ಪಣಿ, ಮುನ್ನೂರು ವರ್ಷದ ಬೆಳಕು

ಮನೆಯಲ್ಲಿ ಒಬ್ಬರೇ ಕೂತು ಮಾಡುವ ಸಣ್ಣ ಕೆಲಸ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇಂಗ್ಲೆಂಡಿನ ರಾಬರ್ಟ್ ಮಾರ್ಷಮ್ ಸಾಕ್ಷಿ. ನಾರ್ಫೋಕ್ ಪ್ರಾಂತದ ಸ್ಟ್ರ್ಯಾಟನ್ ಸ್ಟ್ರಾಲೆಸ್ ಎಂಬ ಹಳ್ಳಿಯ ಈ ಜಮೀನ್ದಾರ 1736ರಿಂದ ತನ್ನ ಸುತ್ತಲಿನ ವಸಂತದ ಗುರುತುಗಳನ್ನು ಬರೆದಿಡತೊಡಗಿದ. ಮೊದಲ ಹೂ ಎಂದು ಅರಳಿತು, ಓಕ್ ಮರ ಎಂದು ಚಿಗುರಿತು, ಕಪ್ಪೆ ಎಂದು ವಟಗುಟ್ಟಿತು, ಕುಕ್ಕೂ ಹಕ್ಕಿ ಎಂದು ಕೂಗಿತು, ಕವಲುಬಾಲದ ಅಂಬರಗುಬ್ಬಿ ಎಂದು ಮರಳಿತು, ಹೀಗೆ 27 ಗುರುತುಗಳು. 1789ರಲ್ಲಿ ರಾಯಲ್ ಸೊಸೈಟಿ ಆ ಪಟ್ಟಿಯನ್ನು ಪ್ರಕಟಿಸಿತು. 1797ರಲ್ಲಿ ಅವನು ತೀರಿಕೊಂಡ ಮೇಲೆ ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು ಆ ಲೆಕ್ಕ ಮುಂದುವರಿಸಿದರು. ನಡುವೆ ಕೆಲವು ವರ್ಷ ಬಿಟ್ಟುಹೋದರೂ 1958ರವರೆಗೆ ಅದು ನಡೆಯಿತು. ಚಳಿ ಕಡಿಮೆಯಾದಂತೆ ಓಕ್ ಎಷ್ಟು ಬೇಗ ಚಿಗುರುತ್ತದೆ ಎಂದು ತಿಳಿಯಲು ಇಂದಿನ ವಿಜ್ಞಾನಿಗಳು ಆ ಮನೆಯ ಲೆಕ್ಕವನ್ನೇ ಬಿಡಿಸಿ ನೋಡಿದ್ದಾರೆ. ಮಾರ್ಷಮ್ ಬರೆಯಲು ಕೂತಾಗ ಹವಾಮಾನ ಬದಲಾವಣೆ ಎಂಬ ಮಾತೇ ಇರಲಿಲ್ಲ. ತನ್ನ ಊರಿನ ವಸಂತದ ಮೇಲೆ ಅವನಿಗೆ ಪ್ರೀತಿ ಇತ್ತು, ಅಷ್ಟೇ.

ಜಪಾನಿನ ಕ್ಯೋಟೊದಲ್ಲಿ ಈ ಕಥೆ ಇನ್ನೂ ಹಳೆಯದು. ಅಲ್ಲಿನ ಅರಮನೆಯವರು, ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ ಚೆರ್ರಿ ಹೂ ತುಂಬಿ ಅರಳಿದ ದಿನ, ಹೂವಿನಡಿ ಕೂತು ಊಟ ಮಾಡಿದ ದಿನ ಬರೆದಿಡುತ್ತಿದ್ದರು. ಯಾಸುಯುಕಿ ಅಓನೊ ಎಂಬ ವಿಜ್ಞಾನಿ ಆ ಹಳೆಯ ಬರಹಗಳನ್ನೆಲ್ಲ ಹುಡುಕಿ, 9ನೇ ಶತಮಾನದಿಂದೀಚಿನ ತಾರೀಕುಗಳನ್ನು ಒಂದು ಸರಣಿಯಾಗಿ ಜೋಡಿಸಿದರು. 2021ರಲ್ಲಿ ಕ್ಯೋಟೊದ ಚೆರ್ರಿ ಮಾರ್ಚ್ 26ಕ್ಕೇ ತುಂಬಿ ಅರಳಿದಾಗ, ಅದು ಅಂದಿನವರೆಗಿನ ಸುಮಾರು 1200 ವರ್ಷಗಳಲ್ಲಿ ಎಲ್ಲಕ್ಕಿಂತ ಬೇಗ ಎಂದು ಹೇಳಲು ಸಾಧ್ಯವಾದದ್ದು ಹೂವಿನಡಿ ಕೂತು ಉಂಡು, ಮನೆಗೆ ಬಂದು ಅದನ್ನು ಬರೆದಿಟ್ಟವರಿಂದ. ಅವರಲ್ಲಿ ಯಾರೂ ವಿಜ್ಞಾನಕ್ಕೆಂದು ಬರೆಯಲಿಲ್ಲ.

ನಮ್ಮಲ್ಲೂ ದಾರಿ ತೆರೆದಿದೆ. ‘ಸೀಸನ್‌ವಾಚ್’ ಎಂಬ ಜನವಿಜ್ಞಾನ ಯೋಜನೆ ದೇಶದಾದ್ಯಂತ ಮಕ್ಕಳು, ಶಿಕ್ಷಕರು, ಆಸಕ್ತರು ತಮ್ಮದೊಂದು ಮರ ಆರಿಸಿಕೊಂಡು ವಾರವಾರವೂ ಅದರ ಎಲೆ, ಹೂ, ಕಾಯಿಗಳನ್ನು ನೋಡಿ ದಾಖಲಿಸಲು ನೆರವಾಗುತ್ತದೆ. ಕೇರಳದ ಶಾಲೆಗಳು ಇದರಲ್ಲಿ ಮುಂದಿವೆ. ವಿಷುವಿಗೆ ಬೇಕಾದ ಕಕ್ಕೆಯ ಹಳದಿ ಹೂ ಹಬ್ಬಕ್ಕೆ ಬಹಳ ಮೊದಲೇ ಅರಳಿಬಿಡುವುದನ್ನು ಅಲ್ಲಿನ ಮಕ್ಕಳು ತಮ್ಮ ಕಣ್ಣಿನಿಂದಲೇ ಕಂಡಿದ್ದಾರೆ. ತಿಥಿಗೂ ಹೂವಿಗೂ ನಡುವಿನ ಅಂತರ ಹಿಗ್ಗುತ್ತಿರುವ ಕಾಲದಲ್ಲಿ ಎರಡನ್ನೂ ಗಮನಿಸುವವರು ಬೇಕು.

ನಗರದಲ್ಲಿ ಗುರುತು ಹುಡುಕುವವರಿಗೆ

ಸಿಮೆಂಟಿನ ನಗರದಲ್ಲಿ ಎಲ್ಲಿಯ ವಸಂತ ಎನ್ನುವವರಿಗೆ ಬೆಂಗಳೂರೇ ಉತ್ತರ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಲಾಲ್‌ಬಾಗನ್ನು ನೋಡಿಕೊಂಡವರು. ಒಂದು ಬೀದಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಬೀದಿ ಅರಳಬೇಕು ಎಂಬ ಯೋಚನೆಯಲ್ಲಿ ಸಾಲುಮರಗಳನ್ನು ಆರಿಸಿದ ಖ್ಯಾತಿ ಅವರದು. 1956ರಲ್ಲಿ ತೀರಿಕೊಂಡ ಅವರು ಈ ಊರಿನ ಮಣ್ಣಿನಲ್ಲೇ ಮಲಗಿದ್ದಾರೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲ ಕಂಡವು. ಇಂದು ನಾವು ಫೋಟೊ ತೆಗೆದು ಹಂಚಿಕೊಳ್ಳುವ ಹೂಗಳ ಹಿಂದೆ ಇಂಥವರ ದುಡಿಮೆ ಇದೆ.

ಹೀಗಾಗಿ ಬೆಂಗಳೂರಿನವರಿಗೆ ವಸಂತ ಮೆರವಣಿಗೆಯಲ್ಲಿ ಬರುತ್ತದೆ. ಜನವರಿ ಕೊನೆಗೆ ಬೂರುಗ, ಮಾವಿನ ಹೂ. ಫೆಬ್ರುವರಿ-ಮಾರ್ಚ್‌ಗೆ ಹಳದಿ, ಗುಲಾಬಿ ಟಬೆಬುಯಾ, ನೇರಳೆ ಜಕರಂಡ. ಆಮೇಲೆ ಹೊಂಗೆಯ ಚಿಗುರು, ಬೇವಿನ ಹೂ, ಅರಳಿಯ ತಾಮ್ರದೆಲೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಮಲ್ಲಿಗೆ ಹೊತ್ತ ಕರಗ. ಏಪ್ರಿಲ್-ಮೇಯಲ್ಲಿ ಕಕ್ಕೆಯ ಹಳದಿ ಗೊಂಚಲು, ಮೇ ಫ್ಲವರಿನ ಕೆಂಪು. ನಡುವೆ ಒಂದು ಸಂಜೆ ಗುಡುಗಿ ಸುರಿಯುವ ಮೊದಲ ಮಳೆ. ಟಬೆಬುಯಾ, ಜಕರಂಡ ದಕ್ಷಿಣ ಅಮೆರಿಕದ ಕಡೆಯವು, ಮೇ ಫ್ಲವರ್ ಮಡಗಾಸ್ಕರಿನದು. ಹೊರಗಿನಿಂದ ಬಂದು ನಮ್ಮ ಬೀದಿಯವಾದ ಮರಗಳ ಹೂವೂ ನಮ್ಮ ಹಬ್ಬಕ್ಕೆ ಸಲ್ಲುತ್ತದೆ.

ಕಟ್ಟಿಕೊಳ್ಳುವುದು ಹೇಗೆ?

ಮೊದಲು ಒಂದು ಗುರುತು ಆರಿಸಿ. ದಿನವೂ ಕಣ್ಣಿಗೆ ಬೀಳುವಂಥದ್ದಿರಲಿ. ಬಸ್ ನಿಲ್ದಾಣದ ಬೇವು, ಶಾಲೆಯ ಎದುರಿನ ಹೊಂಗೆ, ಕಚೇರಿಯ ಕಿಟಕಿಗೆ ಕಾಣುವ ಟಬೆಬುಯಾ, ಬೆಳಗಿನ ಜಾವ ಕೇಳುವ ಕೋಗಿಲೆಯ ಮೊದಲ ಕೂಗು, ಯಾವುದಾದರೂ ಸರಿ. ಹತ್ತು ಗುರುತು ಹಿಡಿದರೆ ಹತ್ತೂ ಕೈ ತಪ್ಪುತ್ತವೆ. ಒಂದನ್ನು ಗಟ್ಟಿಯಾಗಿ ಹಿಡಿದರೆ ಉಳಿದವು ತಾವಾಗಿ ಕಾಣತೊಡಗುತ್ತವೆ.

ಎರಡನೆಯದು, ಆ ಗುರುತು ಕಂಡ ದಿನ ಮಾಡುವ ಒಂದು ಕೆಲಸ. ಅದು ಹಗುರಾಗಿರಬೇಕು, ಕೆಲಸದ ದಿನ ಬಂದರೂ ಸಾಗಬೇಕು. ನಮ್ಮ ಮನೆಯಲ್ಲಿ ಬೇವು ಹೂ ಬಿಟ್ಟ ವಾರ ಸಂಜೆ ಎಲ್ಲರೂ ಆ ಮರದಡಿಗೆ ಹೋಗುತ್ತೇವೆ. ಬೇವಿನ ಹೂವಿನ ವಾಸನೆ ಕತ್ತಲಾಗುತ್ತ ಹೆಚ್ಚುತ್ತದೆ. ರಾತ್ರಿ ಹಳೆ ಪಂಚೆಯೊಂದನ್ನು ಹಾಸಿಟ್ಟು, ಬೆಳಗ್ಗೆ ಉದುರಿದ ಹೂ ಆಯ್ದು ಒಣಗಿಸಿ, ತುಪ್ಪದಲ್ಲಿ ಹುರಿದು ಸಾರಿಗೆ ಹಾಕುತ್ತೇವೆ. ಕಹಿ ನಾಲಗೆಯ ಮೇಲೆ ನಿಂತಷ್ಟು ಹೊತ್ತು ಮಾತೂ ನಿಲ್ಲುತ್ತದೆ. ಮಕ್ಕಳು ಮುಖ ಕಿವುಚಿದರೂ ಮರುವರ್ಷ ಹೂ ಬಿಡ್ತಾ ಎಂದು ಮೊದಲು ಕೇಳುವವರು ಅವರೇ. ನಿಮ್ಮ ಮನೆಗೆ ಅದು ಮಾವಿನಕಾಯಿ ಚಿತ್ರಾನ್ನ ಆಗಬಹುದು, ತಾರಸಿಯಲ್ಲಿ ಚಾಪೆ ಹಾಸಿ ಮಾಡುವ ಮೊದಲ ಬೆಳದಿಂಗಳ ಊಟ ಆಗಬಹುದು, ಹಕ್ಕಿಗಳಿಗೆ ಮಣ್ಣಿನ ಬೋಗುಣಿಯಲ್ಲಿ ನೀರಿಡಲು ಶುರುಮಾಡುವ ದಿನ ಆಗಬಹುದು, ಬೀದಿ ಗುಡಿಸುವವರಿಗೂ ಡೆಲಿವರಿ ಹುಡುಗರಿಗೂ ಗೇಟಿನ ಬಳಿ ಒಂದು ಕೊಡ ಮಜ್ಜಿಗೆ ಆಗಬಹುದು. ಕೊಡುವ ಅಂಶವೊಂದು ಸೇರಿದರೆ ಆಚರಣೆಗೆ ತೂಕ ಬರುತ್ತದೆ.

ಮೂರನೆಯದು ಬರೆದಿಡುವುದು. ಅದಕ್ಕೆ ಚಂದದ ಡೈರಿ ಬೇಡ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ‘ಹೊಂಗೆ ಚಿಗುರಿತು’ ಎಂದು ಬರೆಯಿರಿ. ವರ್ಷ ಮುಗಿದಾಗ ಆ ಹಾಳೆ ಹರಿದು ಒಂದು ಲಕೋಟೆಯಲ್ಲಿಡಿ. ಕೆಲವು ವರ್ಷ ಕಳೆದರೆ ಯಾವ ಪುಸ್ತಕದಲ್ಲೂ ಸಿಗದ ನಿಮ್ಮ ಬೀದಿಯ ಋತುಮಾನದ ಚರಿತ್ರೆ ಅಲ್ಲಿರುತ್ತದೆ. ಯಾವ ವರ್ಷ ಬೇಗ, ಯಾವ ವರ್ಷ ತಡ ಎಂದು ಮನೆಯ ಮಗು ಹೇಳಬಲ್ಲದು.

ಕೊನೆಯದು, ಜೊತೆಗೊಬ್ಬರು. ಊರಿನಲ್ಲಿರುವ ಅಮ್ಮನಿಗೆ ಫೋನು ಮಾಡಿ “ಇಲ್ಲಿ ಕೋಗಿಲೆ ಶುರುವಾಯ್ತಮ್ಮ, ಅಲ್ಲಿ?” ಎಂದು ಕೇಳುವುದೇ ಒಂದು ಆಚರಣೆಯಾಗಬಲ್ಲದು. ಪೀಜಿಯಲ್ಲಿ ಒಬ್ಬರೇ ಇರುವ ಹುಡುಗ ಹುಡುಗಿಯರಿಗೆ, ಮಕ್ಕಳು ದೂರವಾದ ಹಿರಿಯರಿಗೆ ಇಂಥ ಮಾತಿಗೊಂದು ನೆಪ ಬೇಕಾಗಿರುತ್ತದೆ. ವಸಂತ ಆ ನೆಪವನ್ನು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಒದಗಿಸುತ್ತದೆ.

ಹೂ ಕೀಳದೆ, ಕೊಂಬೆ ಮುರಿಯದೆ, ಏನನ್ನೂ ಕೊಳ್ಳದೆ ಇದೆಲ್ಲ ನಡೆಯಬೇಕು ಎಂಬುದು ನನ್ನ ಆಸೆ. ಒಂದು ವರ್ಷ ತಪ್ಪಿಹೋದರೆ ದೋಷವೇನೂ ಇಲ್ಲ. ಮರ ಮುಂದಿನ ವರ್ಷವೂ ಚಿಗುರುತ್ತದೆ.

ಹಬ್ಬವಿಲ್ಲದ ಮನೆಗೂ ವಸಂತ

ಈ ಗುರುತಿನ ಹಬ್ಬ ಯಾರಿಗೆ ಹೆಚ್ಚು ಬೇಕು ಎಂದು ಯೋಚಿಸಿದಾಗ ನನಗೆ ಇಬ್ಬರು ನೆನಪಾಗುತ್ತಾರೆ.

ಒಬ್ಬರು ದೂರದೇಶದಲ್ಲಿರುವ ಕನ್ನಡಿಗರು. ವಾಷಿಂಗ್ಟನ್ನಿನಲ್ಲಿರುವವರಿಗೆ, 1912ರಲ್ಲಿ ಟೋಕಿಯೊ ಉಡುಗೊರೆಯಾಗಿ ಕೊಟ್ಟ ಚೆರ್ರಿ ಮರಗಳು ಹೆಚ್ಚೂಕಡಿಮೆ ಯುಗಾದಿಯ ಹೊತ್ತಿಗೇ ಅರಳುತ್ತವೆ. ಸಿಡ್ನಿ, ಮೆಲ್ಬರ್ನ್‌ನಲ್ಲಿರುವವರಿಗೆ ಹಾಗಲ್ಲ. ಅಲ್ಲಿ ಯುಗಾದಿ ಬರುವುದು ಶರತ್ಕಾಲದಲ್ಲಿ. ಹೊಸ ವರ್ಷದ ಬೇವು-ಬೆಲ್ಲ ತಿಂದು ಹೊರಗೆ ಬಂದರೆ ಎಲೆಗಳು ಹಣ್ಣಾಗಿ ಉದುರುತ್ತಿರುತ್ತವೆ. ಅವರ ವಸಂತ ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬದ ಆಚೀಚೆ. ಬೆಂಗಳೂರಿನಲ್ಲಿ ಮಾರ್ಚ್‌ಗೆ ಅರಳುವ ಜಕರಂಡ ಸಿಡ್ನಿಯ ಬೀದಿಗಳಲ್ಲಿ ಅಕ್ಟೋಬರ್-ನವೆಂಬರಿಗೆ ಅರಳುತ್ತದೆ. ಯುಗಾದಿಯನ್ನು ಅವರು ತಿಥಿಗೇ ಮಾಡಲಿ. ಜಕರಂಡ ಅರಳಿದ ದಿನ ಇನ್ನೊಂದು ಪುಟ್ಟ ಹಬ್ಬ ಮಾಡಿ, ಮಕ್ಕಳಿಗೆ “ನಮ್ಮೂರಲ್ಲೂ ಇದೇ ಮರ ಇದೆ” ಎಂದು ಹೇಳಿದರೆ, ಆ ಮಕ್ಕಳಿಗೆ ಎರಡು ಊರೂ ಸಿಕ್ಕಂತಾಯಿತು.

ಇನ್ನೊಬ್ಬರು ಸಾವು ಕಂಡ ಮನೆಯವರು. ನಮ್ಮಲ್ಲಿ ಆಪ್ತರು ತೀರಿಕೊಂಡ ವರ್ಷ ಹಬ್ಬ ಮಾಡುವುದಿಲ್ಲ. ತೋರಣ ಕಟ್ಟುವುದಿಲ್ಲ, ಸಿಹಿ ಮಾಡುವುದಿಲ್ಲ. ಅಕ್ಕಪಕ್ಕದ ಮನೆಯ ಒಬ್ಬಟ್ಟಿನ ವಾಸನೆ ಬರುವಾಗ ಆ ಮನೆ ಇನ್ನಷ್ಟು ಒಂಟಿಯಾಗುತ್ತದೆ. ಆದರೆ ಚಿಗುರಿದ ಮರವನ್ನು ಹೋಗಿ ನೋಡಬಾರದು ಎಂದು ಯಾವ ಶಾಸ್ತ್ರವೂ ಹೇಳಿಲ್ಲ. ತೀರಿಕೊಂಡವರು ಇಷ್ಟಪಡುತ್ತಿದ್ದ ಸಂಪಿಗೆಯೋ ರೆಂಜೆಯೋ ಹೂ ಬಿಟ್ಟ ದಿನ ಅದರಡಿ ಹೋಗಿ ಸ್ವಲ್ಪ ಹೊತ್ತು ಕೂರುವುದು, ಕ್ಯಾಲೆಂಡರಿನಲ್ಲಿ ಅವರ ಹೆಸರಿನ ಪಕ್ಕದಲ್ಲಿ ಆ ತಾರೀಕು ಬರೆಯುವುದು ಹಬ್ಬ ಮಾಡದ ಮನೆಯೂ ಮಾಡಬಹುದಾದ ಆಚರಣೆ. ದುಃಖದ ವರ್ಷದಲ್ಲಿ ಸಂಭ್ರಮ ಬಲವಂತ ಎನಿಸುತ್ತದೆ. ನೋಡುವುದಕ್ಕೆ ಮಾತ್ರ ಯಾರ ಒತ್ತಾಯವೂ ಬೇಕಿಲ್ಲ.

ಮರ ಇದ್ದರೆ ಹಬ್ಬ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟುಮಾತನ್ನೂ ಆಡಲೇಬೇಕು. ಗುರುತಿನ ಹಬ್ಬಕ್ಕೆ ಗುರುತು ಉಳಿದಿರಬೇಕು. ರಸ್ತೆ ಅಗಲವಾಗುವಾಗ, ಚರಂಡಿ ಅಗೆಯುವಾಗ, ಮನೆಯ ಮುಂದೆ ಕಾರಿಗೆ ಜಾಗ ಮಾಡುವಾಗ ಮೊದಲು ಹೋಗುವುದು ಮರ. ಬುಡದ ಸುತ್ತ ಒಂದಿಂಚೂ ಮಣ್ಣು ಬಿಡದೆ ಕಾಂಕ್ರೀಟ್ ಸುರಿದ ಮರ ನಿಂತಲ್ಲೇ ಸೊರಗುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಜಾರಿಯಲ್ಲಿದೆ. ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾಯ್ದೆ ಇದ್ದರೂ ಅದಕ್ಕೆ ಬಲ ಬರುವುದು ಇದು ನಮ್ಮ ಮರ ಎಂದು ಎದ್ದು ನಿಲ್ಲುವವರು ಬೀದಿಯಲ್ಲಿದ್ದಾಗ.

ವರ್ಷವೂ ಒಂದು ಹೊಂಗೆಯಡಿ ಹೋಗಿ ನಿಂತ ಮಗು, ಅದರ ಚಿಗುರಿನ ತಾರೀಕನ್ನು ತನ್ನ ಕೈಯಾರೆ ಬರೆದ ಮಗು, ಗರಗಸ ಬಂದ ದಿನ ಸುಮ್ಮನಿರಲಾರದು. ಅದರ ಅಪ್ಪ ಅಮ್ಮನೂ ಸುಮ್ಮನಿರಲಾರರು. ಸಾಲುಮರಗಳನ್ನು ನೆಟ್ಟವರು ತಮ್ಮ ಪಾಲಿನ ಕೆಲಸ ಮುಗಿಸಿ ಹೋಗಿದ್ದಾರೆ. ನೋಡುವುದು, ನೆನಪಿಡುವುದು, ಕಾಯುವುದು ನಮ್ಮ ಪಾಲಿಗೆ ಬಂದಿದೆ. ಮನೆಯೊಂದರ ಪುಟ್ಟ ಆಚರಣೆಯಿಂದ ಇಷ್ಟು ಸಾಧ್ಯ ಎಂದು ನಾನು ಮನಸಾರೆ ನಂಬುತ್ತೇನೆ. ಈ ಭಾನುವಾರ ಮನೆಯವರನ್ನು ಕರೆದುಕೊಂಡು ಬೀದಿಗಿಳಿಯಿರಿ. ನಿಮ್ಮ ಮರ ಯಾವುದೆಂದು ಎಲ್ಲರೂ ಕೂಡಿ ಆರಿಸಿ. ಅದರ ಹೆಸರು ಗೊತ್ತಿಲ್ಲದಿದ್ದರೆ ಬೀದಿಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.